ಪಕ್ಕದ ಕುರ್ಚಿ

ನನ್ನ ಗಂಡನ ಬೆನ್ನಿನ ಗಂಟನ್ನು ಮೊದಲು ಕಂಡವಳು ನನ್ನ ನಾದಿನಿ. ನೆನೆದರೆ ಈಗಲೂ ಮೈ ಉರಿಯುತ್ತದೆ. ಅವರ ಅಂಗಿಗಳನ್ನೆಲ್ಲ ಹೊಲಿಯುವವಳು ನಾನು, ಆ ಬೆನ್ನಿನ ಅಳತೆ ನನಗೆ ಬಾಯಿಪಾಠ. ಆದರೂ ತೋರಿಸಿದ್ದು ತಂಗಿಗೆ. ಅವಳು ನರ್ಸ್ ಅಂತೆ. ನಾನೇನು ದಾರಿಯಲ್ಲಿ ಹೋಗುವವಳೇ?

ಚರ್ಮದ ಕ್ಯಾನ್ಸರ್ ಎಂದು ಗೊತ್ತಾದ ಮೇಲಂತೂ ಅಣ್ಣ ತಂಗಿಯದೇ ದರ್ಬಾರು. ಬ್ಯಾಂಡೇಜ್ ಬದಲಾಯಿಸುವಾಗ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಔಷಧಿಯ ವಿಷಯವನ್ನೂ ಅವಳೇ ನನಗೆ ಪಾಠ ಮಾಡಿದಳು. ಗೆಡ್ಡೆ ಬೆಳೆಯಲು ರಕ್ತ ಬೇಕು, ಅದಕ್ಕಾಗಿ ಅಕ್ಕಪಕ್ಕದಿಂದ ಹೊಸ ರಕ್ತನಾಳಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಡ್ರಿಪ್‌ನಲ್ಲಿ ಕೊಡುವ ಈ ಔಷಧಿ ಅದನ್ನು ತಡೆಯುತ್ತದೆ, ಗೆಡ್ಡೆ ಮಾಯವಾಗದಿದ್ದರೂ ಬೆಳವಣಿಗೆ ನಿಧಾನವಾಗುತ್ತದೆ. ಆದರೆ ಬಿಪಿ ಏರಿಸುವ ಔಷಧಿ ಅದು, ಬಿಪಿ ತೀರಾ ಜಾಸ್ತಿಯಿದ್ದ ದಿನ ಕೊಡುವುದಿಲ್ಲ. ಅಕ್ಕಪಕ್ಕದವರನ್ನು ತನ್ನ ಕಡೆ ಎಳೆದುಕೊಳ್ಳುವ ಕಲೆ ಗೆಡ್ಡೆಗೊಂದಕ್ಕೇ ಗೊತ್ತಿರುವುದಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಪ್ರತಿ ಸಲವೂ ಆಸ್ಪತ್ರೆಗೆ ಜೊತೆಯಲ್ಲಿ ಹೋಗುತ್ತಿದ್ದವಳು ಅವಳೇ. ಗಂಟು ಬೆಳೆಯುವುದು ನಿಂತಿದೆ ಎಂದು ಡಾಕ್ಟರ್ ಹೇಳಿದ್ದನ್ನೂ ಅವಳ ಬಾಯಿಂದಲೇ ಕೇಳಬೇಕಾಯಿತು. ಈ ಸಲ ನಾನು ಹಟ ಹಿಡಿದೆ. ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಒಳಗೆ ಗಂಡನ ಪಕ್ಕದ ಕುರ್ಚಿಯಲ್ಲಿ ರಾಣಿಯ ಹಾಗೆ ಕೂತೆ.

ಬಿಪಿ ನೋಡಿದ ವಾರ್ಡಿನ ನರ್ಸ್ ಹುಬ್ಬು ಗಂಟಿಕ್ಕಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರು, ಇನ್ನೂ ಏರಿತ್ತು. ಹೀಗೇ ಇದ್ದರೆ ಇವತ್ತು ಡ್ರಿಪ್ ಹಾಕುವಂತಿಲ್ಲ ಎಂದು ಹೇಳಿ ಹೋದರು. ಇಷ್ಟು ದಿನ ಸರಿಯಾಗಿಯೇ ಇತ್ತಂತೆ.

ನನಗೆ ರೇಗಿತು. "ಅವಳಿದ್ರೆ ಇಳಿಯುತ್ತೆ, ನಾನಿದ್ರೆ ಏರುತ್ತೆ. ಅಷ್ಟು ಬೇಡವಾದ್ನಾ ನಾನು ನಿಮಗೆ?" ಎಂದೆ.

ಅವರು ನೆಲ ನೋಡುತ್ತ ಹೇಳಿದರು: "ಅವಳಿಗೆ ಗಂಡ, ಮಕ್ಕಳು ಇದ್ದಾರೆ. ನಾನಿಲ್ದಿದ್ರೂ ಹೇಗೋ ನಡೆಯುತ್ತೆ. ನಿನ್ನ ಮುಖ ನೋಡಿದ್ರೆ, ನಾನು ಹೋದ್ರೆ ಇವಳೊಬ್ಬಳೇ ಆಗ್ತಾಳಲ್ಲ ಅಂತ ಎದೆ ಹೊಡ್ಕೊಳ್ಳುತ್ತೆ. ಬೆನ್ನು ತೋರಿಸ್ದೇ ಇದ್ದದ್ದೂ ಅದಕ್ಕೇ."

ನನಗೆ ಅಳು ಬಂತು. ಆ ಕುರ್ಚಿ ಬಿಟ್ಟು ಏಳಲೇಬಾರದು ಅನ್ನಿಸಿತು. ಎದ್ದು ಹೊರಗೆ ಬಂದೆ.

"ನೀನು ಒಳಗೆ ಹೋಗಿ ಕೂತ್ಕೋ," ಎಂದೆ ನಾದಿನಿಗೆ.

"ಏನಾಯ್ತು ಅತ್ತಿಗೆ?"

"ಹೋಗು ಅಂದ್ರೆ ಹೋಗು. ಚಿಕ್ಕಂದಿನದು ಏನಾದ್ರೂ ಹೇಳಿ ನಗಿಸು."

ಸ್ವಲ್ಪ ಹೊತ್ತಿಗೆ ಒಳಗಿನಿಂದ ಇಬ್ಬರ ನಗುವೂ ಕೇಳಿಸಿತು. ನರ್ಸ್ ಇನ್ನೊಂದು ಸಲ ಬಿಪಿ ನೋಡಿ ಬಂದು, ಔಷಧಿಯ ಚೀಲ ಹಿಡಿದು ನನ್ನ ಮುಂದೆಯೇ ಒಳಗೆ ಹೋದರು. ನನ್ನ ಹೊಟ್ಟೆ ಉರಿಯುತ್ತಲೇ ಇತ್ತು. ಅವರಿಬ್ಬರೂ ಇನ್ನಷ್ಟು ನಗಲಿ ಎಂದು ಬೇಡಿಕೊಳ್ಳುತ್ತ ಅಲ್ಲೇ ಕೂತೆ.