ಮಡಚದ ಮಂಡಿ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳಿಗೆ ಇಟ್ಟ ಹೆಸರು ಹೂಗೈ. ಹೆಬ್ಬೆರಳಿನಷ್ಟು ಉದ್ದದ ಕೋಳಿಭ್ರೂಣವನ್ನು ಮೊಟ್ಟೆಯಿಂದ ತೆಗೆದು, ಚರ್ಮ ಬಿಡಿಸಿ, ನೀಲಿ ಬಣ್ಣದಲ್ಲಿ ನೆನೆಹಾಕುವ ಕೆಲಸ ಬಂದರೆ ಸಾಕು, ಎಲ್ಲರ ಕಣ್ಣೂ ಅವಳ ಕಡೆಗೇ. ಆ ಬಣ್ಣ ಅಂಟುವುದು ಮೃದ್ವಸ್ಥಿಗೆ ಮಾತ್ರ. ಮೃದ್ವಸ್ಥಿ ಅಂದರೆ ನಮ್ಮ ಕಿವಿ ಹಿಂಡಿದಾಗ ಬಾಗುತ್ತದಲ್ಲ, ಅದೇ. ಮರಿಯ ಕಾಲು ಮೊದಲು ಅದರಲ್ಲೇ ರೂಪುಗೊಳ್ಳುತ್ತದೆ, ಎಲುಬು ಬರುವುದು ಆಮೇಲೆ. ಅವಸರದ ಕೈಗೆ ಸಿಕ್ಕರೆ ಕಾಲೇ ಕಿತ್ತುಬರುತ್ತದೆ. ಅವಳ ಕೈಯಲ್ಲಿ ಒಂದೂ ಕಿತ್ತುಬಂದಿರಲಿಲ್ಲ.

ಮನೆಯಲ್ಲೂ ಅದೇ ಕೈ. ಎಡವಟ್ಟಾಗಿದ್ದು ಅಲ್ಲೇ.

ಅವಳ ಗಂಡ ಲಾರಿ ಚಾಲಕ. ಲಾರಿಯಿಂದ ಇಳಿಯುವಾಗ ಜಾರಿ ಬಿದ್ದು ಎಡಮಂಡಿಯ ಹತ್ತಿರ ಮೂಳೆ ಮುರಿದುಕೊಂಡಿದ್ದ. ಮೂಳೆಯೇನೋ ಕೂಡಿತು, ಆದರೆ ಪ್ಲಾಸ್ಟರ್ ಬಿಚ್ಚಿದ ಮೇಲೆ ಮಂಡಿ ಮಡಚಲೊಲ್ಲದು. ಮಡಚದ ಕಾಲು ಕ್ಲಚ್ ತುಳಿಯುವುದು ಹೇಗೆ? ಕಿಟಕಿಯ ಬಳಿ ಮಲಗಿದವನಿಗೆ ಹೊರಗೆ ಯಾವುದಾದರೂ ಲಾರಿ ಗೇರು ಬದಲಾಯಿಸಿದ ಸದ್ದು ಕೇಳಿದರೆ ಸಾಕು, ನಿದ್ದೆಗಣ್ಣಲ್ಲೂ ಎಡಗಾಲು ಒತ್ತಲು ಹೋಗಿ ನರಳುತ್ತಿದ್ದ. ರಸ್ತೆಯಿಲ್ಲದೆ ಬದುಕುವ ಮನುಷ್ಯ ಅವನಲ್ಲ.

"ಬೆಳಿಗ್ಗೆ ಸಂಜೆ ಹಿಡಿದು ಮಡಚಿಸಮ್ಮ. ಕೂಗಿಕೊಳ್ತಾರೆ, ಕೂಗಲಿ. ಈಗ ಬಿಟ್ರೆ ಹಾಗೇ ಸೆಟೆದುಕೊಂಡುಬಿಡುತ್ತೆ" ಎಂದು ಆಸ್ಪತ್ರೆಯಲ್ಲಿ ಕಾಲಿನ ವ್ಯಾಯಾಮ ಕಲಿಸುವಾಕೆ ಖಡಾಖಂಡಿತವಾಗಿ ಹೇಳಿದ್ದಳು.

ಹೂಗೈ ಹಿಡಿಯುತ್ತಿದ್ದಳು, ಇಲ್ಲವೆನ್ನುವ ಹಾಗಿಲ್ಲ. ಅವನು ಅಯ್ಯೋ ಅಂದದ್ದೇ ತಡ, ಹಿಡಿತ ಬಿಡುತ್ತಿದ್ದಳು. "ಪಾಪ, ನಾಳೆ ಮಾಡೋಣ" ಎಂದು ಕಾಲು ನೀಡಿಸಿ ಹೊದಿಸುತ್ತಿದ್ದಳು. ಕಲಿಸುವಾಕೆ ಫೋನ್ ಮಾಡಿದರೆ "ಮಾಡಿಸ್ತಾನೇ ಇದೀನಿ" ಎಂದು ಹಸಿಹಸಿ ಸುಳ್ಳು. ಪ್ರೀತಿಯಿಂದ ಹೇಳುವ ಸುಳ್ಳಿಗೆ ನಾಲಿಗೆಯೂ ತಡವರಿಸುವುದಿಲ್ಲ ನೋಡಿ.

ಆಗ ಪ್ರಯೋಗಾಲಯದ ಮೇಡಂ ಹೊಸ ಪರೀಕ್ಷೆಯೊಂದನ್ನು ಹೂಡಿದ್ದರು. ಮೊಟ್ಟೆಗಳ ಚಿಪ್ಪಿಗೆಲ್ಲ ಕಿಂಡಿ ಕೊರೆದು, ಅರ್ಧದಷ್ಟಕ್ಕೆ ಅವಳೇ ಔಷಧದ ಹನಿ ಬಿಟ್ಟಿದ್ದಳು. ಆ ಮರಿಗಳ ಎದೆ ಬಡಿಯುತ್ತದೆ, ಮೈ ಬೆಳೆಯುತ್ತದೆ, ಕಾಲು ಮಾತ್ರ ಆಡುವುದಿಲ್ಲ. ಉಳಿದವು ಒಳಗೇ ಒದ್ದಾಡಿದ್ದೇ ಒದ್ದಾಡಿದ್ದು. ಅವನ್ನು ನೋಡಿ ಅವಳಿಗೆ ಅಯ್ಯೋ ಪಾಪ ಅನ್ನಿಸಿತ್ತು. ಸುಮ್ಮನೆ ಮಲಗಿದವೇ ಸುಖವಾಗಿವೆ ಎಂದುಕೊಂಡಿದ್ದಳು.

ಬಣ್ಣ ಹಿಡಿದು, ಮಾಂಸವೆಲ್ಲ ಗಾಜಿನಂತೆ ತಿಳಿಯಾದ ಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಒದ್ದಾಡಿದ ಮರಿಯ ತೊಡೆಗೂ ಕೆಳಗಾಲಿಗೂ ನಡುವೆ ಕೂದಲೆಳೆಯಷ್ಟು ಸಂದು. ನೀಲಿಯ ಎರಡು ತುದಿಗಳೂ ಒಂದಕ್ಕೊಂದು ಹೊಂದುವಂತೆ ದುಂಡಗಾಗಿದ್ದವು. ಸುಮ್ಮನಿದ್ದ ಮರಿಯನ್ನಿಟ್ಟು ನೋಡಿದಳು. ಸಂದೇ ಇರಲಿಲ್ಲ. ತೊಡೆಯ ನೀಲಿ ಹಾಗೇ ಕೆಳಗಾಲಿನ ನೀಲಿಗೆ ಕೂಡಿಕೊಂಡಿತ್ತು.

"ಮೇಡಂ, ಇದಕ್ಕೆ ಮಂಡೀನೇ ಇಲ್ಲ."

"ಒದ್ದರೆ ತಾನೇ ಮಂಡಿ ಆಗೋದು?" ಅಂದರು ಮೇಡಂ. "ಸಂದು ಮೂಡೋಕೆ ಶುರುವಾಗಿರುತ್ತೆ. ಅಲ್ಲಾಡದಿದ್ರೆ ಮುಚ್ಕೊಂಡುಬಿಡುತ್ತೆ. ಅದಿರಲಿ, ಯಾಕೆ ಹಾಗೆ ಬಿಳಿಚಿಕೊಂಡೆ?"

ಅವಳು ಗಂಡನ ಕಾಲಿನ ವಿಷಯ, ಫೋನಿನ ಸುಳ್ಳು, ಎಲ್ಲವನ್ನೂ ಹೇಳಿಬಿಟ್ಟಳು.

"ಮರಿ ಕಾಲಿನ ಲೆಕ್ಕವೇ ಬೇರೆ, ದೊಡ್ಡವರದ್ದೇ ಬೇರೆ" ಎಂದರು ಮೇಡಂ. "ಆದ್ರೂ ನೀನು ಈಗಲೇ ಮನೆಗೆ ಹೋಗು."

ಮನೆಗೆ ಬಂದವಳು ಚಪ್ಪಲಿ ಬಿಟ್ಟು, ಕೈ ತೊಳೆದು, ನೇರವಾಗಿ ಮಂಚದ ಬಳಿ ಬಂದಳು. "ರೀ, ಕಾಲು ಕೊಡಿ."

ಮಡಚಿದಳು. ಅವನು ಕೂಗಿದ. ಬಿಡಲಿಲ್ಲ.

"ರಾಕ್ಷಸಿ! ಜೀವ ತೆಗೀತೀಯೇನೇ?"

"ಬೈಯಿರಿ, ಬಾಯಿಗೆ ಬಂದಹಾಗೆ ಬೈಯಿರಿ. ಮುದ್ದು ಮಾಡಿ ಮಾಡಿ ನಾನೇ ನಿಮ್ಮ ಕಾಲು ಹಾಳು ಮಾಡ್ತಿದ್ದೆ."

ಅವಳ ಕಣ್ಣೀರು ಅವನ ಮಂಡಿಯ ಮೇಲೆ ಟಪಟಪ ಬೀಳುತ್ತಿತ್ತು, ಕೈ ಮಾತ್ರ ಸಡಿಲಲಿಲ್ಲ. ಒಳಗೆ ಬಿಗಿದದ್ದು ಒಂದಿಷ್ಟು ಜಗ್ಗಿತು. ಬೆವೆತು ಹೋಗಿದ್ದ ಅವನು ತಲೆಯೆತ್ತಿ ಅವಳ ಮುಖ ನೋಡಿದ. ಆಮೇಲೆ ಅವಳ ಬೆರಳುಗಳ ಮೇಲೆ ಕೈಯಿಟ್ಟ. ಕಿತ್ತುಹಾಕುತ್ತಾನೆ ಎಂದುಕೊಂಡಳು. ಅವನು ಆ ಕೈಯನ್ನು ತನ್ನ ಕಾಲಿಗೆ ಇನ್ನಷ್ಟು ಒತ್ತಿ ಹಿಡಿದ.

"ನಾನು ಎಷ್ಟೇ ಕೂಗಿದ್ರೂ ಬಿಡಬೇಡ ಕಣೇ" ಅಂದ.