ಕೂದಲೆಳೆಯಷ್ಟು ಸಂದು

ಮೂವತ್ತೈದು ವರ್ಷ ವಿದ್ಯಾರಣ್ಯಪುರಂನಲ್ಲಿ ಗ್ಯಾರೇಜು ನಡೆಸಿದ ಮಹದೇವು ಒಂದು ದಿನವೂ ಫೀಲರ್ ಗೇಜು ಮುಟ್ಟಿದವನಲ್ಲ. ಕೆಲಸ ಕಲಿಯಲು ಬಂದವರು ಆ ಅಳತೆ ತಗಡುಗಳ ಕಟ್ಟನ್ನು ಕೈಗೆತ್ತಿಕೊಂಡರೆ ಸಾಕು, "ಯಾಕಯ್ಯಾ, ದೇವ್ರು ಬೆರಳು ಕೊಟ್ಟಿಲ್ವಾ ನಿಂಗೆ?" ಎಂದು ಮೈಮೇಲೆ ಹೋಗುತ್ತಿದ್ದ. ಅವನ ಪದ್ಧತಿಯೇ ಬೇರೆ. ಇಂಜಿನ್ ಮೇಲಿನ ಮುಚ್ಚಳ ತೆಗೆದು, ವಾಲ್ವನ್ನು ಒತ್ತುವ ರಾಕರನ್ನು ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ಅಲ್ಲಾಡಿಸಿ, ಅದು ಎಷ್ಟು ಆಡುತ್ತದೆ ಅನ್ನುವುದರಿಂದಲೇ ಅಳತೆ ಹೇಳುತ್ತಿದ್ದ. ಅವನ ಅಳತೆ ತಪ್ಪಿದ್ದಿಲ್ಲ ಎಂದು ಅವನನ್ನು ಕಂಡರಾಗದವರೂ ಒಪ್ಪುತ್ತಿದ್ದರು. ಒಪ್ಪದವರನ್ನು ಅವನು ಬಿಡುತ್ತಲೂ ಇರಲಿಲ್ಲ ಅನ್ನಿ.

ರಾಕರಿಗೂ ವಾಲ್ವಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಸಂದು ಹೆಚ್ಚಾದರೆ ಟಕಟಕ ಸದ್ದು, ಗಾಡಿ ನಿಂತಲ್ಲೇ ನಡುಗುತ್ತದೆ, ಸಿಗ್ನಲ್ಲಿನಲ್ಲಿ ಆಫ್ ಆಗುತ್ತದೆ. ಇದೇನೋ ಸಣ್ಣ ತೊಂದರೆ. ಸಂದೇ ಇಲ್ಲದಿದ್ದರೆ ಮಾತ್ರ ಕಷ್ಟ. ಆಗ ಸದ್ದೇ ಇರುವುದಿಲ್ಲ, ಗಾಡಿ ರೇಷ್ಮೆಯ ಹಾಗೆ ಓಡುತ್ತದೆ, ಇಂಜಿನ್ ಕಾಯುವ ತನಕ. ಕಾದ ವಾಲ್ವ್ ಉದ್ದವಾಗಿ, ಬಾಯಿ ಮುಚ್ಚಲಾರದೆ ನಿಂತುಬಿಡುತ್ತದೆ. ಮಹದೇವು ಇದನ್ನು ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದನೋ ಲೆಕ್ಕವಿಲ್ಲ.

ಅಂಥವನ ಬೆರಳುಗಳು ಹೋದ ದೀಪಾವಳಿಯಿಂದ ಸತ್ತುಹೋಗಿದ್ದವು. ಸಕ್ಕರೆ ಕಾಯಿಲೆ. ಗ್ಯಾರೇಜನ್ನು ಶಿಷ್ಯ ಸಾಗರನಿಗೆ ಬಿಟ್ಟುಕೊಟ್ಟಾಗಲೂ ಅವನು ಹೇಳಿದ್ದು ಮಂಡಿನೋವು ಅಂತಲೇ. ಅಂಗಿಯ ಗುಂಡಿ ಹಾಕಿಕೊಳ್ಳಲು ಕಾಲು ಗಂಟೆ ಹಿಡಿಯತೊಡಗಿದಾಗ ಟೀ ಶರ್ಟಿಗೆ ಇಳಿದ. ಹೆಂಡತಿ ಬೆಟ್ಟಮ್ಮ ಕೇಳಿದ್ದಕ್ಕೆ "ಸೆಖೆ ಕಣೇ" ಅಂದ. ಆಗ ಡಿಸೆಂಬರ್ ತಿಂಗಳು.

ಬೆಟ್ಟಮ್ಮನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿ ಎರಡು ವರ್ಷವಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಮಹದೇವು ತನ್ನ ಹಳೇ ಓಮ್ನಿಯಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ, ನಾಲ್ಕು ಗಂಟೆ ಹೊರಗೆ ಕಾದು, ಸುಸ್ತಾದವಳನ್ನು ಮೆಲ್ಲಗೆ ಕರೆತರುತ್ತಿದ್ದ. ಹೋದ ಶುಕ್ರವಾರ ಗಾಡಿ ದಾರಿಯಲ್ಲಿ ಮೂರು ಸಲ ಆಫ್ ಆಯಿತು. ಮುಕ್ಕಾಲು ಗಂಟೆ ತಡ. ಆಸ್ಪತ್ರೆಯವರು ಹಾಸಿಗೆಯನ್ನು ಇನ್ನೊಬ್ಬರಿಗೆ ಕೊಟ್ಟುಬಿಟ್ಟಿದ್ದರು, ಬೆಟ್ಟಮ್ಮ ಊದಿದ ಕಾಲು ಇಳಿಬಿಟ್ಟುಕೊಂಡು ಸಂಜೆಯವರೆಗೆ ಬೆಂಚಿನ ಮೇಲೆ ಕೂತಿದ್ದಳು. ಸುದ್ದಿ ತಿಳಿದು ಗಂಡನ ಮನೆ ಹಿನಕಲ್‌ನಿಂದ ಓಡಿಬಂದ ಮಗಳು ವರ್ಷಿಣಿ ಅಪ್ಪನ ಮುಖಕ್ಕೇ ಹೇಳಿದಳು.

"ಅಪ್ಪಾ, ಇನ್ನೊಂದೇ ಒಂದ್ಸಲ ಈ ಗಾಡಿ ನಿಂತ್ರೆ ಅಮ್ಮನ್ನ ನಮ್ಮನೆಗೆ ಕರ್ಕೊಂಡು ಹೋಗ್ಬುಡ್ತೀನಿ. ಅಲ್ಲೇ ಹತ್ರ ಆಸ್ಪತ್ರೆ ಇದೆ. ನೀವೂ ಬನ್ನಿ."

"ಮಗಳ ಅತ್ತೆ ಮಾವ ಇರೋ ಮನೇಲಿ ನಾನು ಬಂದು ಕೂತ್ಕೊಳ್ಳದಾ?" ಅಂದ ಮಹದೇವು.

"ಹಂಗಾದ್ರೆ ಅಮ್ಮ ಒಬ್ಳೇ ಬರ್ತಾಳೆ."

ವರ್ಷಿಣಿ ತಮಾಷೆಗೆ ಹೇಳುವವಳಲ್ಲ.

ನೇರವಾಗಿ ಸಾಗರನ ಹತ್ತಿರ ಗಾಡಿ ಒಯ್ದಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಮಹದೇವು ತನ್ನ ಗಾಡಿಯ ಸಂದು ಹೊಂದಿಸುವ ಟ್ಯಾಪೆಟ್ ಸೆಟ್ಟಿಂಗನ್ನು ಇನ್ನೊಬ್ಬರ ಕೈಲಿ ಮಾಡಿಸಿದ ಅಂದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿ, ಬೆರಳಿನ ಗುಟ್ಟು ಮಗಳ ಕಿವಿಗೂ ಬೀಳುತ್ತಿತ್ತು. ಹಾಳು ಅಭಿಮಾನ! ಭಾನುವಾರ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗಲೇ, ಮನೆ ಮುಂದೆ ಓಮ್ನಿಯ ಸೀಟು ಎತ್ತಿ ಅದರಡಿಯ ಇಂಜಿನ್ ಮುಚ್ಚಳ ಬಿಚ್ಚಿದ.

ಮೊದಲ ರಾಕರ್ ಹಿಡಿದ. ಏನೂ ತಿಳಿಯಲಿಲ್ಲ. ಕಣ್ಣು ಮುಚ್ಚಿ ಹಿಡಿದ, ಎಡಗೈಯಲ್ಲಿ ಹಿಡಿದ, ಬೆರಳು ಉಜ್ಜಿ ಬಿಸಿ ಮಾಡಿಕೊಂಡು ಹಿಡಿದ. ಉಹುಂ. ಅದು ಆಡುತ್ತಿದೆಯೋ ಬಿಗಿಯಾಗಿದೆಯೋ ಅವನಿಗೆ ತಿಳಿಯದೇ ಹೋಯಿತು. ಅವನಿಗೆ ಹೆದರಿಕೆಯಾಯಿತು, ನಿಜವಾದ ಹೆದರಿಕೆ.

ಬೆಟ್ಟಮ್ಮ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಅವಳ ಎಡಗೈ ಸೂಜಿ ಚುಚ್ಚಿಸಿಕೊಂಡು ಊದಿಕೊಂಡಿತ್ತು, ಭಾರ ಎತ್ತುವಂತಿರಲಿಲ್ಲ. ಬಲಗೈ ಸರಿಯಿದೆಯಲ್ಲ, ಅಂದುಕೊಂಡ ಮಹದೇವು.

"ಬಾರೇ ಇಲ್ಲಿ. ಕಣ್ಣು ಸರಿಯಾಗಿ ಕಾಣ್ತಿಲ್ಲ, ಕತ್ತಲು," ಎಂದ. ಬಿಸಿಲು ಸುರಿಯುತ್ತಿತ್ತು. "ಇದನ್ನ ಎರಡು ಬೆರಳಲ್ಲಿ ಹಿಡ್ಕೊ. ಮೇಲೆ ಕೆಳಗೆ ಅಲ್ಲಾಡ್ಸು. ಆಡ್ತದಾ?"

ಬೆಟ್ಟಮ್ಮ ಹಿಡಿದಳು. ಗಂಡನ ಮುಖ ನೋಡಿದಳು. "ಹ್ಞೂ, ಆಡ್ತದೆ."

ಅವನು ಸ್ಕ್ರೂ ಒಂಚೂರು ಬಿಗಿ ಮಾಡಿದ. "ಈಗ?"

"ಆಡ್ತದೆ."

ಇನ್ನೊಂಚೂರು. "ಈಗ?"

ಮತ್ತೆ ಅವನ ಮುಖ ನೋಡಿದಳು. "ಒಂದೇ ಒಂಚೂರು ಆಡ್ತದೆ ಕಣ್ರೀ."

"ಅಷ್ಟೇ! ಅಷ್ಟೇ ಇರ್ಬೇಕು!" ಮಹದೇವು ನಟ್ಟು ಬಿಗಿದ.

ಆರು ವಾಲ್ವುಗಳಿಗೂ ಹೀಗೇ ಆಯಿತು. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಅವಳು ಅವನ ಗಾಡಿ ಮುಟ್ಟಿದ್ದು ಅವತ್ತೇ. ಮೂಗಿನ ಮೇಲೆ ಗ್ರೀಸು ಹತ್ತಿಸಿಕೊಂಡು ನಿಂತವಳನ್ನು ನೋಡಿ ಅವನು ನಕ್ಕ, "ಮೊದ್ಲೇ ಗೊತ್ತಿದ್ರೆ ಸಾಗರಂಗೆ ಬದ್ಲು ನಿಂಗೇ ಗ್ಯಾರೇಜು ಕೊಡ್ತಿದ್ದೆ" ಅಂದ. ಕೀ ತಿರುಗಿಸಿದ. ಟಕಟಕ ಇಲ್ಲ, ನಡುಕ ಇಲ್ಲ. ಇಂಜಿನ್ ಓಡುತ್ತಿದೆಯೋ ಇಲ್ಲವೋ ಅನ್ನುವಷ್ಟು ಮೌನ. ಎದುರು ಮನೆ ಶಾಂತಾದೇವಿ ಕೂಡ "ಏನ್ರೀ, ಇವತ್ತು ನಿಮ್ಮ ಗಾಡಿ ಸದ್ದೇ ಇಲ್ಲ" ಎಂದು ಹೊಗಳಿದರು. ಇಷ್ಟು ಮೌನ ಒಳ್ಳೆಯದಲ್ಲ ಎಂದು ಮಹದೇವುವಿನ ಒಳಗೆ ಯಾವುದೋ ಮೂಲೆ ಗೊಣಗಿತು. ಅದರ ಬಾಯಿ ಮುಚ್ಚಿಸಿ, ಎರಡೇ ನಿಮಿಷಕ್ಕೆ ಗಾಡಿ ಆಫ್ ಮಾಡಿ, ಪೆಟ್ರೋಲು ಉಳಿಯಿತು ಅಂದುಕೊಂಡು ಒಳಗೆ ಹೋದ.

ಸೋಮವಾರ ಏಳು ಗಂಟೆಗೆ ಹೊರಟರು. ಅಗ್ರಹಾರದವರೆಗೆ ಗಾಡಿ ಸೊಗಸಾಗಿ ಹೋಯಿತು. ಬೆಟ್ಟಮ್ಮ ಕಣ್ಣು ಮುಚ್ಚಿ ಒರಗಿದ್ದಳು, ಡಯಾಲಿಸಿಸ್ ಇಲ್ಲದೆ ಶನಿವಾರ ಭಾನುವಾರ ಕಳೆದರೆ ಅವಳಿಗೆ ಉಸಿರಾಡುವುದೇ ಕಷ್ಟ. ಅಲ್ಲಿಂದ ಮುಂದೆ ಸ್ಕೂಲ್ ಬಸ್ಸುಗಳ ಸಾಲು, ಮೊದಲನೇ ಗೇರಿನಲ್ಲಿ ಇಂಚಿಂಚೇ ಸರಿಯಬೇಕು. ಇಂಜಿನ್ ಕಾಯಿತು. ಗಾಡಿಯ ಎಳೆತ ಕಮ್ಮಿಯಾಯಿತು. ರಾಮಸ್ವಾಮಿ ಸರ್ಕಲ್ಲಿನ ಸಿಗ್ನಲ್ಲಿಗೆ ಬರುವಷ್ಟರಲ್ಲಿ ಒಂದು ಸಲ ಕೆಮ್ಮಿ ನಿಂತುಹೋಯಿತು.

ಅವನು ಕೀ ತಿರುಗಿಸಿದ. ಸ್ಟಾರ್ಟರು ಯಾವ ತಡೆಯೂ ಇಲ್ಲದೆ ಬುರ್ರನೆ ಹಗುರವಾಗಿ ತಿರುಗಿತು. ಆ ಸದ್ದು ಕೇಳಿದ ಕೂಡಲೇ ಅವನಿಗೆ ಎಲ್ಲ ಗೊತ್ತಾಯಿತು. ಒಳಗೆ ಗಾಳಿಯ ಒತ್ತಡ, ಕಂಪ್ರೆಶನ್ನೇ ಇಲ್ಲ. ಒಂದು ವಾಲ್ವೂ ಬಾಯಿ ಮುಚ್ಚುತ್ತಿಲ್ಲ.

ಹಿಂದಿನವರೆಲ್ಲ ಹಾರ್ನ್ ಬಡಿಯತೊಡಗಿದರು. ಟ್ರಾಫಿಕ್ ಪೊಲೀಸನೂ ಇನ್ನಿಬ್ಬರೂ ಸೇರಿ ಗಾಡಿಯನ್ನು ಪಕ್ಕಕ್ಕೆ ತಳ್ಳಿಕೊಟ್ಟರು. ಮಹದೇವು ಬೆಟ್ಟಮ್ಮನನ್ನು ಇಳಿಸಿ ಸೀಟು ಎತ್ತಿದ. ಒಳಗಿಂದ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಈ ಬಿಸಿಯಲ್ಲಿ ಮಾಡುವಂಥದ್ದು ಏನೂ ಇಲ್ಲ ಎಂದು ಗೊತ್ತಿದ್ದೂ ಬಗ್ಗಿ ನೋಡಿದ. ತಲೆ ಸುತ್ತಿತೋ ಏನೋ, ಬೆಟ್ಟಮ್ಮ ಬಾಗಿಲಿನೊಳಕ್ಕೆ ಬಲಗೈ ಚಾಚಿ ಆಸರೆ ಹಿಡಿದುಕೊಂಡಳು. ಆ ಕೈ ಬಿದ್ದದ್ದು ಇಂಜಿನ್ ಮುಚ್ಚಳದ ಮೇಲೆ, ಪೂರ್ತಿ ಅಂಗೈ ಊರಿಕೊಂಡು.

"ಕೈ ತೆಗಿಯೇ! ಸುಡ್ತದೆ!"

ಬೆಟ್ಟಮ್ಮ ಅವನ ಮುಖ ನೋಡಿದಳು, ಆಮೇಲೆ ತನ್ನ ಕೈ ನೋಡಿಕೊಂಡಳು. "ಏನು?" ಅಂದಳು.

ಮಹದೇವು ಅವಳ ಮಣಿಕಟ್ಟು ಹಿಡಿದು ಎಳೆದ. ಅಂಗೈ ಆಗಲೇ ಬೆಂದು ಬಿಳಿಚಿಕೊಂಡಿತ್ತು. ಅವಳು ಸ್ ಅಂತಲೂ ಅನ್ನಲಿಲ್ಲ. ಅವನು ನೀರಿನ ಬಾಟಲಿ ತೆಗೆದು ಅದರ ಮೇಲೆ ಸುರಿದ.

"ಎಷ್ಟು ದಿನದಿಂದ ಹಿಂಗೆ?"

"ಆರೇಳು ತಿಂಗ್ಳಾಯ್ತೇನೋ. ಈಳಿಗೆಮಣೆ ಕುಯ್ದ್ರೆ ರಕ್ತ ನೋಡಿದ್ಮೇಲೇ ಗೊತ್ತಾಗದು."

"ಮತ್ತೆ ನೆನ್ನೆ ಆಡ್ತದೆ, ಆಡ್ತದೆ ಅಂದ್ಯಲ್ಲೇ!"

"ನಿಮ್ಮ ಬೆರಳು ಹೋಗಿರದು ನಂಗೆ ಗೊತ್ತಿಲ್ವಾ? ಗುಂಡಿ ಹಾಕ್ಕೊಳ್ಳಕ್ಕಾಗ್ದೆ ಟೀ ಶರ್ಟು ಹಾಕ್ಕೊಂಡ್ರಿ. ನಂಗೂ ತಿಳೀತಿಲ್ಲ ಅಂದಿದ್ರೆ ಇನ್ಯಾರ ಕೈ ಕೇಳ್ತಿದ್ರಿ?" ಬೆಟ್ಟಮ್ಮ ಉಸಿರು ಎಳೆದುಕೊಂಡಳು. "ಹಿನಕಲ್‌ಗೆ ಹೋಗಕ್ಕೆ ನಂಗಿಷ್ಟ ಇರ್ಲಿಲ್ಲ ಕಣ್ರೀ."

ಅವಳ ತುಟಿ ನೀಲಿಗಟ್ಟುತ್ತಿತ್ತು. ಎಂಟು ಗಂಟೆಯ ಡಯಾಲಿಸಿಸ್ ಸರದಿಗೆ ಹದಿನೈದೇ ನಿಮಿಷವಿತ್ತು. ಪೊಲೀಸ ಆಟೋ ಒಂದನ್ನು ಅಡ್ಡಹಾಕಿ ನಿಲ್ಲಿಸಿದ. ಮಹದೇವು ಅವಳನ್ನು ಹತ್ತಿಸಿ ತಾನೂ ಹತ್ತಲು ಹೋದರೆ "ಗಾಡಿ ಹಿಂಗೆ ಬುಟ್ಟು ಹೋಗಂಗಿಲ್ಲ ಯಜಮಾನ್ರೇ, ಕ್ರೇನ್ ಬಂದು ಎತ್ಕೊಂಡೋಯ್ತದೆ" ಎಂದ ಪೊಲೀಸ.

"ಎತ್ಕೊಂಡೋಗ್ಲಿ," ಅಂದ ಮಹದೇವು.

"ಬ್ಯಾಡ, ನೀವು ಗಾಡಿ ತನ್ನಿ," ಎಂದಳು ಬೆಟ್ಟಮ್ಮ. "ವಾಪಸ್ ಬರಕ್ಕೆ ಬೇಕಲ್ಲ."

ಆಟೋ ಹೋಯಿತು. ಅವನು ಫೋನು ತೆಗೆದು, ಮೂರು ಸಲ ತಪ್ಪು ಒತ್ತಿ, ನಾಲ್ಕನೆಯ ಸಲ ವರ್ಷಿಣಿಗೆ ಹಚ್ಚಿದ.

"ಗಾಡಿ ನಿಂತೋಯ್ತು. ಅಮ್ಮ ಆಟೋಲಿ ಒಬ್ಳೇ ಬರ್ತಾವ್ಳೆ, ನೀನು ಆಸ್ಪತ್ರೆಗೆ ಹೋಗು. ಕೈ ಸುಟ್ಕೊಂಡವ್ಳೆ, ತೋರಿಸ್ಬುಡು. ಡಯಾಲಿಸಿಸ್ ಮುಗಿದ್ಮೇಲೆ ನಿಮ್ಮನೆಗೇ ಕರ್ಕೊಂಡು ಹೋಗವ್ವ. ಬಟ್ಟೆಬರೆ ನಾನು ತಂದ್ಕೊಡ್ತೀನಿ."

"ನೀವು, ಅಪ್ಪಾ?"

ಅವನು ಫೋನು ಇಟ್ಟುಬಿಟ್ಟ.

ಮುಕ್ಕಾಲು ಗಂಟೆ ಫುಟ್‌ಪಾತಿನ ಮೇಲೆ ಕೂತಿದ್ದ. ಪೊಲೀಸ ಬಂದು "ಒಂದ್ಸಲ ನೋಡಿ ಯಜಮಾನ್ರೇ" ಅಂದಾಗ ಎದ್ದು ಕೀ ತಿರುಗಿಸಿದ. ತಣ್ಣಗಾಗಿದ್ದ ಇಂಜಿನ್ ಒಂದೇ ಏಟಿಗೆ ಹತ್ತಿಕೊಂಡಿತು. ಟಕಟಕ ಇಲ್ಲ, ನಡುಕ ಇಲ್ಲ.

"ಅಬ್ಬಾ, ಏನ್ ಸೈಲೆಂಟ್ ಇದೆ! ಇಷ್ಟು ಹಳೇ ಗಾಡಿ. ಯಾರ್ ಕೈಲಿ ಸೆಟ್ಟಿಂಗ್ ಮಾಡಿಸಿದ್ರಿ?"

"ನಮ್ಮನೆಯವ್ರು ಮಾಡಿದ್ದು ಕಣಪ್ಪಾ," ಅಂದ ಮಹದೇವು.

ಮುದುಕ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಪೊಲೀಸ ಜೋರಾಗಿ ನಕ್ಕ, ಹಿಂದಿನ ಗಾಡಿಗಳನ್ನು ತಡೆದು ಅವನಿಗೆ ದಾರಿ ಬಿಡಿಸಿಕೊಟ್ಟ. ಎಡಕ್ಕೆ ಹೊರಳಿದರೆ ಆಸ್ಪತ್ರೆ, ಬಲಕ್ಕೆ ಮನೆ. ಮಹದೇವು ಬಲಕ್ಕೆ ತಿರುಗಿಸಿದ. ಬೆಟ್ಟಮ್ಮನ ಸೀರೆಗಳನ್ನು ಮಡಿಸಿಡಬೇಕಾಗಿತ್ತು.