ಬೀಗ ಹಾಕಿ ಚಹಾಕ್ಕೆ ಹೋದವರು

“ಎಂಟನೇ ಕ್ಲಾಸಲ್ಲೇ ಗೋತಾ ಹೊಡೆದವನನ್ನ ಡೇಟಾಬೇಸ್ ಹತ್ರ ಬಿಟ್ಕೊಂಡ್ರೆ ಇನ್ನೇನಾಗುತ್ತೆ ಮೇಡಂ? ಇವನ ಕೈಗೆ ಕೊಡಬೇಕಾದ್ದು ಪೊರಕೆ!”

ಆಸ್ಪತ್ರೆಯ ನೋಂದಣಿ ಹಾಲಿನಲ್ಲಿ ಆರು ಕೌಂಟರಿನ ಗುಮಾಸ್ತರು, ಸೂಪರಿಂಟೆಂಡೆಂಟ್ ಮೇಡಂ, ಸಾಲಿನಲ್ಲಿ ನಿಂತಿದ್ದ ರೋಗಿಗಳು, ಇಷ್ಟೂ ಜನರೆದುರು ನಮ್ಮ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ನನ್ನ ಬಗ್ಗೆ ಹೀಗೆ ಹೇಳಿದ. ಬೆನ್ನ ಹಿಂದೆ ಅವನನ್ನು ನಾವು ‘ಸರ್ಟಿಫಿಕೇಟ್’ ಎನ್ನುತ್ತೇವೆ. ತನ್ನ ಕೋಣೆಯ ಗೋಡೆಗೆ ಏಳು ಪ್ರಮಾಣಪತ್ರಗಳನ್ನು ಕಟ್ಟು ಹಾಕಿಸಿ ನೇತುಹಾಕಿಕೊಂಡಿದ್ದಾನೆ. ಎಂಟನೆಯದಕ್ಕೆ ಮೊಳೆಯನ್ನೂ ಹೊಡೆದಿಟ್ಟಿದ್ದಾನೆ.

ಎಲ್ಲರೂ ನಕ್ಕರು. ಒಂದನೇ ಕೌಂಟರಿನಲ್ಲಿ ಕೂರುವ ನಮ್ಮ ಭಾವನೂ ಹಲ್ಲು ಕಿರಿದ. ನನ್ನನ್ನು ಇಲ್ಲಿಗೆ ಸೇರಿಸಿದವನು ಅಕ್ಕನ ಗಂಡನಾದ ಇವನೇ. ಊಟಕ್ಕೆ ಕೂತಾಗಲೆಲ್ಲ ಅದನ್ನು ನೆನಪಿಸುವವನೂ ಇವನೇ.

ನಾನು ಗೋತಾ ಹೊಡೆದಿದ್ದಲ್ಲ, ಶಾಲೆ ಬಿಟ್ಟಿದ್ದು. ಕೇಬಲ್ ಎಳೆಯಲು ಬಂದವನು ಮೂರು ವರ್ಷದಲ್ಲಿ ಸರ್ವರ್ ಕೋಣೆಯ ಕೆಲಸವನ್ನೆಲ್ಲ ಕಲಿತೆ. ಆ ವಾರದ ಶುಕ್ರವಾರಕ್ಕೆ ನನ್ನ ಗುತ್ತಿಗೆ ಮುಗಿಯುವುದಿತ್ತು. ಖಾಯಂ ಮಾಡುವ ಕಾಗದ ಸರ್ಟಿಫಿಕೇಟಿನ ಸಹಿಗಾಗಿ ಅವನ ಮೇಜಿನ ಮೇಲೆ ಬಿದ್ದಿತ್ತು. ಅದು ಅವನಿಗೂ ಗೊತ್ತು, ಹಲ್ಲು ಕಿರಿದವರಿಗೂ ಗೊತ್ತು.

ಎರಡು ವಾರದಿಂದ ಬೆಳಗ್ಗೆ ಒಂಬತ್ತೂವರೆಯಾದರೆ ಸಾಕು, ಆರೂ ಕೌಂಟರುಗಳ ಪರದೆ ಕಲ್ಲಾಗುತ್ತಿತ್ತು. ಹತ್ತೂಕಾಲಿಗೆ ತಾನಾಗಿಯೇ ಜೀವ ಬರುತ್ತಿತ್ತು.

“ಹೋದ ತಿಂಗಳು ಇವನು ಅದೇನೋ ಇಂಡೆಕ್ಸ್ ಹಾಕಿದ್ನಲ್ಲ, ಅದ್ರಿಂದ್ಲೇ ಇದೆಲ್ಲ. ಹೊಸ ಸರ್ವರ್ ತರಿಸದೆ ಗತಿಯಿಲ್ಲ” ಎಂದ ಸರ್ಟಿಫಿಕೇಟ್.

ಫೋನ್ ನಂಬರಿನಿಂದ ಹಳೇ ಚೀಟಿ ಹುಡುಕಲು ಮುಂಚೆ ನಿಮಿಷಗಟ್ಟಲೆ ಹಿಡಿಯುತ್ತಿತ್ತು. ನಾನು ಇಂಡೆಕ್ಸ್, ಅಂದರೆ ನಂಬರುಗಳ ಹುಡುಕುಪಟ್ಟಿ, ಹಾಕಿದ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಗುತ್ತಿತ್ತು. ಆಗ ಬೆನ್ನು ತಟ್ಟಿಸಿಕೊಂಡವನು ಅವನು. ಬೈಸಿಕೊಳ್ಳಲು ಮಾತ್ರ ನಾನು. ಅವನಿಗೆ ಜೀವಮಾನದಲ್ಲಿ ಹೊಳೆದಿರುವುದು ಎರಡೇ ಮದ್ದು: ಆಫ್ ಮಾಡಿ ಆನ್ ಮಾಡು, ಇಲ್ಲವೇ ಹೊಸದು ತಾ.

“ಈಗ್ಲೂ ನಿಂತೇ ಇದೆಯಲ್ಲ ಮೇಡಂ, ಈಗ್ಲೇ ನೋಡೋಣ” ಎಂದೆ. “ಭಾವ, ಸ್ವಲ್ಪ ಏಳಿ.”

“ಸಾರಿ ಅಂತ ಹೇಳಿ ಮುಗಿಸೋ, ದೊಡ್ಡ ಪಂಡಿತ” ಎಂದು ಪಿಸುಗುಡುತ್ತಲೇ ಭಾವ ಎದ್ದ.

ಸರ್ವರಿನೊಳಗೆ ಹೊಕ್ಕು ನೋಡಿದೆ. ಪ್ರೊಸೆಸರ್ ನಿದ್ದೆ ಹೊಡೆಯುತ್ತಿತ್ತು, ಡಿಸ್ಕ್ ಆಕಳಿಸುತ್ತಿತ್ತು. ಹೊಸ ಸರ್ವರ್ ಬೇಕಂತೆ! ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂಬ ಪಟ್ಟಿ ತೆಗೆದೆ. ಆರೂ ಕೌಂಟರುಗಳು ಒಂದೇ ಬೀಗದ ಮುಂದೆ ನಿಂತಿದ್ದವು. ಚೀಟಿ ಕೊಡುವಾಗಲೆಲ್ಲ ಡೇಟಾಬೇಸಿನಲ್ಲಿ ವೈದ್ಯರ ಹೆಸರುಗಳಿರುವ ಟೇಬಲ್ಲಿನಲ್ಲಿ ಟೋಕನ್ ಸಂಖ್ಯೆ ಒಂದು ಏರಬೇಕು. ಯಾರೋ ಅದೇ ಟೇಬಲ್ಲನ್ನು ತಿದ್ದಿ, ಕೆಲಸ ಮುಗಿಯಿತೆಂದು ‘ಕಮಿಟ್’ ಕೊಡದೆ ಎದ್ದು ಹೋಗಿದ್ದರು. ಅದನ್ನು ಕೊಡುವ ತನಕ ಬೇರೆ ಯಾರೂ ಆ ಟೇಬಲ್ಲನ್ನು ತಿದ್ದುವಂತಿಲ್ಲ. ಇಪ್ಪತ್ತೆಂಟು ನಿಮಿಷವಾಗಿತ್ತು. ಒಳಗಿನಿಂದ ಚಿಲಕ ಹಾಕಿ ಕಿಟಕಿಯಿಂದ ಹಾರಿ ಹೋದ ಹಾಗೆ.

“ಯಾರ ಕಂಪ್ಯೂಟರದು?” ಮೇಡಂ ಕೇಳಿದರು.

ಎರಡನೇ ಕೌಂಟರಿನ ಗುಮಾಸ್ತೆ ಬಗ್ಗಿ ಪರದೆಯ ಮೇಲಿನ ಹೆಸರು ಓದಿದಳು. “ಅಯ್ಯೋ, ಇದು ಸಾರ್ ರೂಮಿಂದು!”

ಸರ್ಟಿಫಿಕೇಟ್ ಟೈ ಸರಿಮಾಡಿಕೊಂಡ. “ಅದು... ರಜೆಯಲ್ಲಿರೋ ಡಾಕ್ಟ್ರ ಹೆಸರು ದಿನಾ ನಾನೇ ತೆಗೆಯೋದು. ಎರಡು ವಾರದಿಂದ ನೇರವಾಗಿ ಟೇಬಲ್ಲಲ್ಲೇ ತೆಗೀತಿದೀನಿ, ಬೇಗ ಆಗುತ್ತೆ ಅಂತ.”

“ಕಮಿಟ್ ಕೊಟ್ರಾ ಸಾರ್?”

“ಚಹಾ ಕುಡಿದು ಬಂದು, ಇನ್ನೊಂದ್ಸಲ ನೋಡಿ ಕೊಡ್ತೀನಿ. ಜಾಗ್ರತೆ ಬೇಡ್ವಾ?”

ಜಾಗ್ರತೆಯಂತೆ! ಕೈ ಮುರಿದುಕೊಂಡ ಮುದುಕಿಯೊಬ್ಬಳು ಕಂಬಕ್ಕೆ ಒರಗಿ ನಿಂತಿದ್ದಳು. ಇವನ ಚಹಾ ಆರುವ ತನಕ ಅವಳ ಮೂಳೆ ಕಾಯಬೇಕು.

“ಆ ಬೀಗ ಕಿತ್ತು ಹಾಕ್ಲಾ ಮೇಡಂ?”

“ಹಾಕು.”

ಕಿತ್ತೆ. ಆರೂ ಪ್ರಿಂಟರುಗಳು ಒಟ್ಟಿಗೆ ಕಿರಿಚಿದವು. ಸಾಲು ಜರುಗಿತು. ಅವನು ತಿದ್ದಿದ್ದು ಅಳಿಸಿಹೋಗಿತ್ತು. ರಜೆಯಲ್ಲಿದ್ದ ಇಬ್ಬರು ಡಾಕ್ಟರ ಹೆಸರನ್ನು ನಾನೇ ತೆಗೆದು ಕಮಿಟ್ ಕೊಟ್ಟೆ. ನಾಲ್ಕು ಸೆಕೆಂಡಿನ ಕೆಲಸ. ಈ ಸಲ ಯಾರೂ ನಗಲಿಲ್ಲ. ಇವರ ನಗುವಿಗೂ ಮೇಲಿನವರ ಅಪ್ಪಣೆ ಬೇಕು.

ಸರ್ಟಿಫಿಕೇಟ್ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. ದನಿಯಲ್ಲಿ ಬೆಣ್ಣೆ. “ನೋಡಪ್ಪಾ, ಆಗಿದ್ದಾಯ್ತು. ನಿನ್ನ ಇಂಡೆಕ್ಸಿಂದಾನೂ ಸ್ವಲ್ಪ ಭಾರ ಆಗಿತ್ತು ಅಂತ ರಿಪೋರ್ಟಲ್ಲಿ ಒಂದು ಸಾಲು ಬರಿ. ನಿನ್ನ ಕಾಗದಕ್ಕೆ ಇವತ್ತೇ ಸೈನ್ ಹಾಕ್ತೀನಿ. ಏನಂತೀಯ?”

ಮೇಡಂ ಗಡಿಯಾರ ನೋಡಿಕೊಂಡರು. “ಒಂದು ಸಾಲು ತಾನೇ, ಬರೆದುಬಿಡು.”

ಸರ್ಟಿಫಿಕೇಟಿನ ಕಂಪ್ಯೂಟರಿನ ಹೆಸರಿದ್ದ ಪಟ್ಟಿ ಅವರ ಕಣ್ಣೆದುರೇ ಪರದೆಯ ಮೇಲಿತ್ತು, ಇನ್ನೂ ಮುಚ್ಚಿರಲಿಲ್ಲ.

“ಹೂಂ ಅನ್ನೋ!” ಭಾವ ನನ್ನ ಪಕ್ಕೆ ತಿವಿದ. “ನಿನ್ನ ಅಕ್ಕನ ಮುಖ ನೋಡಿಯಾದ್ರೂ ಹೂಂ ಅನ್ನೋ!”

ಹೆಗಲ ಮೇಲಿನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟೆ. ಕೊರಳಿನ ಗುರುತಿನ ಚೀಟಿ ತೆಗೆದು ಕೀಬೋರ್ಡಿನ ಮೇಲೆ ಹಾಕಿದೆ. ಮುಂದಕ್ಕೆ ಜರುಗುತ್ತಿದ್ದ ಸಾಲಿನ ಪಕ್ಕದಲ್ಲೇ ಬಾಗಿಲ ಕಡೆ ನಡೆದೆ.

“ಏಯ್, ಸಾರ್ ಕೇಳ್ತಿದಾರೆ! ಬಾಯಿ ಬಿಡೋ!” ಭಾವ ಹಿಂದಿನಿಂದ ಕೂಗಿದ.

ಬಾಗಿಲು ತಳ್ಳಿ ಮೆಟ್ಟಿಲಿಳಿದೆ.